ಶಿರಾ ಮ್ಯೂಸಿಯಂ ವಲಯದ ಊಟ, ವಸತಿ ಮತ್ತು ಒಂದು ಕಲ್ಲು

ಮ್ಯೂಸಿಯಂ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವು ಶಾಸನ ಓದುವುದನ್ನು ಕಲಿತಿರುತ್ತೀರಿ, ಯಾವ ರಾಜ ಯಾವ ಯುದ್ಧದಲ್ಲಿ ಸತ್ತ ಎಂದು ಬಾಯಿಪಾಠ ಮಾಡಿರುತ್ತೀರಿ. ಬಹಳ ಸಂತೋಷ. ಆದರೆ ಬಂದವರು ಅದನ್ನೆಲ್ಲ ಕೇಳುವುದಿಲ್ಲ. ಮೊದಲು ಕೇಳುವುದು ಕಕ್ಕಸು ಎಲ್ಲಿ ಎಂದು. ಆಮೇಲೆ ಕಾಫಿ ಎಲ್ಲಿ ಸಿಗುತ್ತದೆ, ಊಟಕ್ಕೆ ಯಾವ ಹೋಟೆಲು ವಾಸಿ, ಉಳಿದುಕೊಳ್ಳುವುದಾದರೆ ಎಲ್ಲಿ ಎಂದು ಕೇಳುತ್ತಾರೆ. ಇಷ್ಟಕ್ಕೂ ಉತ್ತರ ಸಿಕ್ಕಿದ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಈ ಕಲ್ಲು ಏನು ಎನ್ನುತ್ತಾರೆ. ನಾನು ಸರ್ವಿಸ್ಸಿನ ಉದ್ದಕ್ಕೂ ಇದಕ್ಕೆ ಸಿಟ್ಟು ಮಾಡಿಕೊಂಡು ಬಿಪಿ ಬರಿಸಿಕೊಂಡೆ. ನೀವು ಹಾಗೆ ಮಾಡಬೇಡಿ, ಮೊದಲು ಕಕ್ಕಸಿನ ದಾರಿ ತೋರಿಸಿ.

ನಾನು ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಶಿರಾದಲ್ಲಿ. ಮ್ಯೂಸಿಯಂ ಎಂದರೆ ಹಳೆಯ ಸುಂಕದ ಕಟ್ಟೆ: ಎರಡು ಕೋಣೆ, ಒಂದು ಉದ್ದನೆಯ ಜಗಲಿ, ಮುಂದೆ ಅಂಗಳ, ಅಂಗಳದಲ್ಲೊಂದು ಹೊಂಗೆ ಮರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಿಂದ ಹೊತ್ತು ತಂದ ಶಾಸನ, ವೀರಗಲ್ಲುಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿದ್ದರು. ನನ್ನ ಹುದ್ದೆಯ ಹೆಸರು ಮಾರ್ಗದರ್ಶಿ. ಬೀಗ ತೆಗೆಯುವುದು, ಕಸ ಗುಡಿಸುವುದು, ಜಗಲಿ ಹತ್ತಿದ ಮೇಕೆಗಳನ್ನು ಓಡಿಸುವುದು ಎಲ್ಲವೂ ಅದರಲ್ಲೇ ಬರುತ್ತಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆದ್ದರಿಂದ ಮೇಕೆಗಳನ್ನೂ ಸ್ವಲ್ಪ ಮರ್ಯಾದೆಯಿಂದಲೇ ಓಡಿಸುತ್ತಿದ್ದೆ.

ಆ ಕಲ್ಲುಗಳನ್ನು ತಂದ ರೀತಿ ಕೇಳಿದರೆ ನಗುತ್ತೀರಿ. ನಾನು ಬರುವುದಕ್ಕೆ ಮುಂಚೆ ಇಲಾಖೆಯವರು ಜೀಪು, ಟ್ರ್ಯಾಕ್ಟರು ಕಟ್ಟಿಕೊಂಡು ಊರೂರು ಸುತ್ತಿ, ಅಕ್ಷರವೋ ಕತ್ತಿಯೋ ಕಂಡ ಕಲ್ಲನ್ನೆಲ್ಲ ಎತ್ತಿ ಹಾಕಿಕೊಂಡಿದ್ದರು. ಕೊರಟಗೆರೆ ನನ್ನ ಹುಟ್ಟೂರು. ಅಲ್ಲಿ ನನ್ನ ಚಿಕ್ಕಮ್ಮ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಅಡಿಯಲ್ಲಿ ಶಾಸನ ಇದೆಯೆಂದು ಅದನ್ನೂ ತಂದಿದ್ದರು, ಬದಲಿಗೆ ಒಂದು ಸಿಮೆಂಟು ಚಪ್ಪಡಿ ಕೊಟ್ಟಿದ್ದರು. ಚಿಕ್ಕಮ್ಮ ಒಂದು ಸಲ ಶಿರಾಕ್ಕೆ ಬಂದವಳು ಅದನ್ನು ನೋಡಿ, ಯಾರೋ ಶಾಲೆಯ ಮೇಷ್ಟರು ಅದರ ಮುಂದೆ ಕೈಕಟ್ಟಿ ನಿಂತಿದ್ದಾಗಲೇ, ಚಿಕ್ಕಪ್ಪನ ಚಡ್ಡಿಗಳನ್ನು ಈ ಕಲ್ಲಿನ ಮೇಲೆ ಎಷ್ಟು ಬಡಿದಿದ್ದೇನೆಂದು ಲೆಕ್ಕವಿಲ್ಲ ಎಂದು ಗಟ್ಟಿಯಾಗಿ ಹೇಳಿದಳು. ಮೇಷ್ಟರು ಕೈ ಬಿಟ್ಟು ದೂರ ಸರಿದರು.

ಇಷ್ಟು ವೈಭವದ ನಮ್ಮ ಸಂಸ್ಥೆಗೆ ತುಮಕೂರಿನಲ್ಲಿ ಒಬ್ಬ ಸಹಾಯಕ ನಿರ್ದೇಶಕರಿದ್ದರು. ಸಾಹೇಬರು ಎಂದೇ ಕರೆಯುತ್ತೇನೆ, ಹೆಸರು ಬೇಡ. ಒಳ್ಳೆಯ ಮನುಷ್ಯ, ಆದರೆ ಆನೆ ನಡೆದದ್ದೇ ದಾರಿ. ಅವರು ಎಲ್ಲೋ ತರಬೇತಿಗೆ ಹೋಗಿ, ದೊಡ್ಡ ದೊಡ್ಡ ನಗರಗಳಲ್ಲಿ ಮ್ಯೂಸಿಯಂ ಸುತ್ತಮುತ್ತಲಿನ ಬೀದಿಗಳನ್ನೇ ಒಂದು ವಲಯ ಎಂದು ಕರೆಯುತ್ತಾರೆ, ಅಲ್ಲಿ ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ಏನು ಕುಡಿಯಬೇಕು ಎಂದು ಕೈಪಿಡಿ ಹಂಚುತ್ತಾರೆ ಎಂದು ಕೇಳಿಕೊಂಡು ಬಂದರು. ಬಂದವರೇ ಬಸ್‌ಸ್ಟ್ಯಾಂಡಿನಿಂದ ನಮ್ಮ ಹೊಂಗೆ ಮರದವರೆಗೆ ಬೆರಳು ತೋರಿಸಿ, ಇವತ್ತಿನಿಂದ ಇದು ಶಿರಾ ಮ್ಯೂಸಿಯಂ ವಲಯ ಎಂದರು. ಆ ಹೊತ್ತಿಗೆ ವಲಯದಲ್ಲಿ ಎರಡು ಎಮ್ಮೆ ಮಲಗಿದ್ದವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದುಕೊಂಡು ನಾನು ತಲೆಯಾಡಿಸಿದೆ.

ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಂಡದ್ದನ್ನು ಕಂಡಂತೆ ಬರೆದೆ. ಉಳಿಯಲು ಇದ್ದದ್ದು ಕಡಲೆಕಾಯಿ ಗೋದಾಮಿನ ಮಹಡಿಯ ಮೇಲೊಂದು ಲಾಡ್ಜು. ಸುಗ್ಗಿಯಲ್ಲಿ ಅಲ್ಲಿಯೂ ಮೂಟೆ ತುಂಬುತ್ತಿದ್ದರು, ಗಿರಾಕಿ ಮೂಟೆಗಳ ಮೇಲೆ ಹಾಸಿಕೊಂಡು ಮಲಗಬೇಕು. ಹಸಿವಾದರೆ ದಿಂಬಿನಡಿ ಕೈಯಾಡಿಸಿದರೆ ಸಾಕು. ಕುಡಿಯಲು ಒಂದು ಸಾರಾಯಿ ಅಂಗಡಿ. ತಿನ್ನಲು ಬಾಬು ಸಾಬರ ಮಿಲಿಟರಿ ಹೋಟೆಲು. ಸಾಹೇಬರು ಅದನ್ನು ತಿದ್ದಿದರು. ಲಾಡ್ಜು ‘ಗ್ರಾಮೀಣ ಸೊಗಡಿನ ತಂಗುದಾಣ’ ಆಯಿತು, ಸಾರಾಯಿ ಅಂಗಡಿ ‘ಸಾಂಪ್ರದಾಯಿಕ ಪಾನೀಯ ಕೇಂದ್ರ’ ಆಯಿತು. ಬಾಬು ಸಾಬರಿಗೆ ಹೋಟೆಲಿನ ಹೆಸರನ್ನು ಮ್ಯೂಸಿಯಂ ಮಿಲಿಟರಿ ಹೋಟೆಲ್ ಎಂದು ಬದಲಿಸಲು ಹೇಳಿಕಳಿಸಿದರು. ನಾನು ಹೋಗಿ ಹೇಳಿದಾಗ ಬಾಬು ಸಾಬರು ಸೌಟು ಕೆಳಗಿಟ್ಟು ಯೋಚನೆ ಮಾಡಿದರು.

“ಅರೇ ಭಾಯ್, ಮ್ಯೂಸಿಯಂ ಅಂತ ಬೋರ್ಡ್ ಹಾಕಿದ್ರೆ ಮಟನ್ ಹೋದ್ ವರ್ಷದ್ದು ಅಂದ್ಕೋತಾರಲ್ಲ ಜನ” ಎಂದರು.

ಅವರ ಮಾತಿನಲ್ಲಿ ನ್ಯಾಯವಿತ್ತು. ಬೋರ್ಡು ಬದಲಾಗಲಿಲ್ಲ.

ಕೈಪಿಡಿ ಹೇಗೋ ಪುಣೆಯವರೆಗೆ ಹೋಗಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಲ್ಲಿಂದ ಬಂದ ನಿವೃತ್ತ ಪ್ರೊಫೆಸರ್ ದಂಪತಿ ಅದನ್ನು ಕೈಯಲ್ಲಿ ಹಿಡಿದು, ನನ್ನ ಕಲ್ಲುಗಳತ್ತ ತಿರುಗಿಯೂ ನೋಡದೆ, ಸಾಂಪ್ರದಾಯಿಕ ಪಾನೀಯ ಕೇಂದ್ರ ಎಲ್ಲಿ ಎಂದು ಕೇಳಿದರು. ಪಾನಕವೋ ಮಜ್ಜಿಗೆಯೋ ಸಿಗುತ್ತದೆಂದು ಅವರ ಎಣಿಕೆ. ನಾನು ತೊದಲುತ್ತಿರುವಾಗಲೇ ಅಮ್ಮನವರು ದಾರಿ ಹಿಡಿದು ಹೋಗಿ ಸಾರಾಯಿ ಅಂಗಡಿಯ ಬೆಂಚಿನ ಮೇಲೆ ಸೆರಗು ಸರಿಮಾಡಿಕೊಂಡು ಕೂತರು. ಅಂಗಡಿ ಗಪ್ಪಾಯಿತು. ಗ್ಲಾಸು ಹಿಡಿದಿದ್ದವರು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಒಬ್ಬ ಮುದುಕ ತೂರಾಡುತ್ತ ಎದ್ದು ಹೋದವನು ಮನೆಯಿಂದ ಒಂದು ಚೊಂಬು ಮಜ್ಜಿಗೆ ತಂದು, ಎರಡೂ ಕೈಯಲ್ಲಿ ಹಿಡಿದು ಅಮ್ಮನವರ ಮುಂದಿಟ್ಟ. ಇಂಥ ಮಜ್ಜಿಗೆಯನ್ನು ದಕ್ಷಿಣದಲ್ಲಿ ಎಲ್ಲೂ ಕುಡಿದಿಲ್ಲ ಎಂದು ಅವರು ಹೊಗಳಿ ಹೋದರು. ಅಂದಿನಿಂದ ಆ ಅಂಗಡಿಯವನು ಮೂಲೆಯಲ್ಲಿ ಒಂದು ಮಡಕೆ ಮಜ್ಜಿಗೆಯನ್ನೂ ಇಟ್ಟುಕೊಂಡಿರುತ್ತಿದ್ದ.

ಓಬಜ್ಜಿ ಬಂದದ್ದು ಆ ದಿನಗಳಲ್ಲೇ. ಪಾವಗಡದ ಆಚೆ ರಾಯಚರ್ಲು ಕಡೆಯ ಒಂದು ಕುರಿಹಟ್ಟಿಯ ಮುದುಕಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತಿನಲ್ಲಿ ಅರ್ಧ ತೆಲುಗು. ಕಕ್ಕಸು ಎಲ್ಲಿ ಎಂದು ಕೇಳದೆ ನೇರ ಜಗಲಿ ಹತ್ತಿದವರಲ್ಲಿ ಅವಳೇ ಮೊದಲು. ಸಾಲಿನಲ್ಲಿದ್ದ ಒಂದು ವೀರಗಲ್ಲಿನ ಮುಂದೆ ನಿಂತು, ಅದರ ಕೆನ್ನೆ ಸವರಿ, ಸೆರಗಿನಿಂದ ಧೂಳು ಒರೆಸಿ ಅತ್ತಳು. ದನ ಕದಿಯಲು ಬಂದವರ ಜೊತೆ ಹೋರಾಡಿ ಸತ್ತ ಅವರ ವಂಶದ ಹಿರೀಕನಂತೆ ಅದು. ಹಟ್ಟಿಯವರೆಲ್ಲ ಕುರಿ ಹೊಡೆದುಕೊಂಡು ದೂರದ ಮೇವಿಗೆ ಹೋಗಿದ್ದಾಗ ಇಲಾಖೆಯವರು ಬಂದು ಎತ್ತಿಕೊಂಡು ಹೋಗಿದ್ದರು. ವಾಪಸ್ಸು ಬಂದವರಿಗೆ ಕಂಡದ್ದು ಒಂದು ಗುಂಡಿ.

ಕಷ್ಟ ಏನೆಂದರೆ, ಅವರ ಮನೆಯಲ್ಲಿ ಮದುವೆ ಆಗಬೇಕಾದರೆ ಮೊದಲು ಹಿರೀಕನ ಎದುರಿಗೆ ಒಲೆ ಹೂಡಿ ಅಡುಗೆ ಮಾಡಿ ಎಡೆ ಇಡಬೇಕು. ಒಂದು ಗುಟುಕು ಹೆಂಡ ಅವನಿಗೆ ಎರೆದು ಉಳಿದವರು ಕುಡಿಯಬೇಕು. ಎರಡೂ ಕಡೆಯವರು ಆ ರಾತ್ರಿ ಅವನ ಕಣ್ಣೆದುರೇ ಮಲಗಬೇಕು. ಬೆಳಿಗ್ಗೆ ಎಡೆಯ ಎಲೆಯಲ್ಲಿ ಉಳಿದದ್ದನ್ನು ಹೆಣ್ಣು ಗಂಡು ಒಟ್ಟಿಗೆ ಉಣ್ಣಬೇಕು. ಅದಾದ ಮೇಲೇ ತಾಳಿ. ಓಬಜ್ಜಿಯ ಮೊಮ್ಮಗಳು ಚಿತ್ತಕ್ಕನಿಗೆ ಮಧುಗಿರಿ ಕಡೆಯ ಒಳ್ಳೆಯ ಸಂಬಂಧ ಗೊತ್ತಾಗಿತ್ತು. ಎಡೆ ಆಗದೆ ಮದುವೆ ನಿಂತಿತ್ತು. ಯುಗಾದಿಯವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಹುಡುಗಿ ನೋಡುತ್ತೇವೆ ಎಂದು ಬೀಗರು ಹೇಳಿಕಳಿಸಿದ್ದರು.

ಓಬಜ್ಜಿಯ ತಲೆಯ ಮೇಲೆಯೇ ನಮ್ಮ ಬೋರ್ಡಿತ್ತು: ಒಳಗೆ ತಿನ್ನುವುದು, ಕುಡಿಯುವುದು, ಮಲಗುವುದು ನಿಷೇಧ. ಇಲಾಖೆಯವರು ಅವಳನ್ನೇ ಕೇಳಿಕೊಂಡು ಬರೆಸಿದಂತಿತ್ತು. ನಾನು ಅದನ್ನು ಓದಿ ಹೇಳಿದೆ, ಆಗುವುದಿಲ್ಲ ಅಂದೆ. ಮುದುಕಿ ಹೋದಳು. ಮುಂದಿನ ವಾರ ಮೊಮ್ಮಗಳನ್ನೂ ಕರೆದುಕೊಂಡು ಬಂದಳು. ಚಿತ್ತಕ್ಕ ಬೋರ್ಡಿನ ಕೆಳಗೆ ಕೂತು ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ನಾನೋ ಮಧ್ಯಾಹ್ನ ಅದೇ ಜಗಲಿಯ ಮೇಲೆ ಬುತ್ತಿ ಉಂಡು ನಿದ್ದೆ ಹೊಡೆಯುವವನು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗಾಯಿತಲ್ಲ ನನ್ನ ಬಾಳು ಎಂದು ನನಗೇ ಕೆಟ್ಟದೆನಿಸಿತು. ಸೋಮವಾರ ಮ್ಯೂಸಿಯಂಗೆ ರಜೆ, ಯಾರೂ ಇರುವುದಿಲ್ಲ, ನಾಲ್ಕು ಜನ ಬಂದು ಮಂಗಳವಾರ ಬಾಗಿಲು ತೆಗೆಯುವ ಮುಂಚೆ ಮುಗಿಸಿಕೊಂಡು ಹೋಗಿ ಎಂದುಬಿಟ್ಟೆ.

ಸೋಮವಾರ ಬಂದದ್ದು ಒಂದು ಲಾರಿ ಜನ. ಓಬಜ್ಜಿಯ ಮಗ, ಅಂದರೆ ಚಿತ್ತಕ್ಕನ ಅಪ್ಪ ತಿಮ್ಮಣ್ಣ, ಕಡಲೆಕಾಯಿ ಮಂಡಿಯ ಲಾರಿ ಡ್ರೈವರು. ಆ ಲಾರಿಯಲ್ಲೇ ಎರಡೂ ಕಡೆಯ ನೆಂಟರು, ಸೌದೆ, ಎರಡು ಟಗರು, ಉರುಮೆ ಬಡಿಯುವವರು ಎಲ್ಲ ಇಳಿದರು. ನಾಲ್ಕು ಜನ ಅಂದಿದ್ದೆನಲ್ಲ ಎಂದು ನಾನು ಕೂಗಾಡಿದೆ. ನಾಲ್ಕು ಮನೆಯ ಜನ ಎಂದುಕೊಂಡೆವು ಎಂದರು. ಬಾಬು ಸಾಬರು ಗದ್ದಲ ಕೇಳಿ ಬಂದವರು, ಸಣ್ಣ ಪಾತ್ರೆಯಲ್ಲಿ ಸಾರು ಮಾಡುವುದನ್ನು ನೋಡಲಾರದೆ ತಮ್ಮ ದೊಡ್ಡ ಡೇಗನ್ನೇ ಹೊರಿಸಿ ತಂದರು. ಮಧ್ಯಾಹ್ನದ ಹೊತ್ತಿಗೆ ಹೊಂಗೆ ಮರದಡಿ ಮುದ್ದೆ ತಿರುವುತ್ತಿದ್ದರು, ಹಿರೀಕನ ಮುಂದೆ ಎಡೆ ಬಿದ್ದಿತ್ತು, ಹೆಂಡ ಎರೆದಾಗಿತ್ತು. ಇನ್ನು ಮಲಗುವುದೊಂದೇ ಬಾಕಿ. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು.

ಕಾರಿನಿಂದ ಸಾಹೇಬರು ಇಳಿದರು. ಅವರ ಹಿಂದೆ ಬೆಂಗಳೂರಿನ ನಿರ್ದೇಶಕರು. ಹುಬ್ಬಳ್ಳಿ ಕಡೆ ಟೂರ್ ಹೊರಟಿದ್ದವರನ್ನು ಮ್ಯೂಸಿಯಂ ವಲಯ ತೋರಿಸುತ್ತೇನೆ ಬನ್ನಿ ಎಂದು ಸಾಹೇಬರು ದಾರಿಯಲ್ಲಿ ತಿರುಗಿಸಿಕೊಂಡು ಬಂದಿದ್ದರು. ನಾನು ಮೆಲ್ಲಗೆ ಹೊಂಗೆ ಮರದ ಹಿಂದೆ ಸರಿದೆ. ಸಾಹೇಬರ ಮುಖ ಸುಣ್ಣವಾಯಿತು. ನಿರ್ದೇಶಕರು ಮಾತ್ರ ಕನ್ನಡಕ ಸರಿಮಾಡಿಕೊಂಡು, ಇಷ್ಟೊಂದು ಜನ ಯಾರು ಎಂದರು. ಪ್ರವಾಸಿಗರು ಸಾರ್ ಎಂದರು ಸಾಹೇಬರು. ಎಷ್ಟು ಬೇಗ ಹೇಳಿದರೆಂದರೆ, ನನಗೂ ಒಂದು ಗಳಿಗೆ ಹೌದೇನೋ ಅನ್ನಿಸಿತು. ಊಟದ ವ್ಯವಸ್ಥೆ ನಮ್ಮ ಕೈಪಿಡಿಯ ಪ್ರಕಾರ ನಡೆದಿದೆ ಎಂದೂ ಸೇರಿಸಿದರು.

ನಿರ್ದೇಶಕರು ಓಬಜ್ಜಿಯ ಹತ್ತಿರ ಹೋಗಿ, ಎಲ್ಲಿಂದ ಬಂದಿರಿ, ಏನು ನೋಡಲು ಬಂದಿರಿ ಎಂದು ಕೇಳಿದರು. ಅಷ್ಟು ದೂರದಿಂದ ಈ ಕಲ್ಲಿಗೋಸ್ಕರವೇ ಬಂದಿದ್ದೇವೆ ಎಂದು ಅವಳು ಇದ್ದದ್ದನ್ನು ಹೇಳಿದಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಎಲೆಯ ಮುಂದೆ ಕೂತು, ಮುದ್ದೆಯನ್ನು ನುಂಗಲು ತಿಳಿಯದೆ ಅಗಿದು ಅಗಿದು ಉಂಡರು. ಎದ್ದು ಕೈ ತೊಳೆದು ಜೇಬಿಗೆ ಕೈ ಹಾಕಿ ಎಷ್ಟಾಯಿತು ಎಂದಾಗ ಓಬಜ್ಜಿ ಮುಖ ತಿರುಗಿಸಿದಳು. ಆಮೇಲೆ ಅವರು ಸಾಹೇಬರಿಗೆ ಹೇಳಿದ ಮಾತು ಕೇಳಿ: ಒಂದೇ ಕಲ್ಲಿಗೆ ಇಷ್ಟು ಜನ ಬೆಂಗಳೂರಿನ ನಮ್ಮ ದೊಡ್ಡ ಮ್ಯೂಸಿಯಂಗೂ ಬರುವುದಿಲ್ಲ, ಇಂಥದ್ದು ಈ ಮೂಲೆಯಲ್ಲಿ ಇರಬಾರದು, ಇವತ್ತೇ ಅಲ್ಲಿಗೆ ಕಳಿಸಿ. ಸಾಗಿಸುವುದು ಹೇಗೆ ಸಾರ್ ಎಂದು ಸಾಹೇಬರು ರಾಗ ಎಳೆದರು. ನಿರ್ದೇಶಕರು ಗೇಟಿನಲ್ಲಿ ನಿಂತಿದ್ದ ಖಾಲಿ ಲಾರಿಯನ್ನು ತೋರಿಸಿದರು.

ಹಿರೀಕನನ್ನು ಅವನ ವಂಶದವರೇ ಎತ್ತಿ ಲಾರಿಗೆ ಹಾಕಬೇಕಾಯಿತು. ಬೇರೆಯವರು ಮುಟ್ಟುವುದಕ್ಕೆ ಓಬಜ್ಜಿ ಬಿಡಲಿಲ್ಲ. ರಾತ್ರಿ ಅವನ ಎದುರೇ ಮಲಗಬೇಕಲ್ಲ, ಆದ್ದರಿಂದ ಎರಡೂ ಕಡೆಯ ನೆಂಟರು ಒಬ್ಬರಾದ ಮೇಲೊಬ್ಬರು ಲಾರಿ ಹತ್ತಿದರು. ಎಡೆಯ ಎಲೆಯನ್ನು ಬುಟ್ಟಿಯಲ್ಲಿಟ್ಟು ಚಿತ್ತಕ್ಕ ಮಡಿಲಲ್ಲಿ ಇಟ್ಟುಕೊಂಡಳು. ಇವರೆಲ್ಲ ಯಾಕೆ ಹೊರಟರು ಎಂದು ನಿರ್ದೇಶಕರು ಕೇಳಿದರು. ಬೆಂಗಳೂರಿನ ಮ್ಯೂಸಿಯಂ ನೋಡುವ ಆಸೆ ಸಾರ್ ಎಂದರು ಸಾಹೇಬರು. ಕಲ್ಲಿನ ಜವಾಬ್ದಾರಿ ನಿನ್ನದು ಎಂದು ನನ್ನನ್ನು ಡ್ರೈವರ್ ಪಕ್ಕಕ್ಕೆ ತಳ್ಳಿ, ಅವರಿಬ್ಬರೂ ಹುಬ್ಬಳ್ಳಿ ದಾರಿ ಹಿಡಿದರು.

ಕಳ್ಳಂಬೆಳ್ಳದ ಕೆರೆ ಏರಿಯ ಹತ್ತಿರ ಮಕ್ಕಳಿಗೆ ಬಾಯಾರಿಕೆ ಎಂದು ತಿಮ್ಮಣ್ಣ ಗಾಡಿ ನಿಲ್ಲಿಸಿದ. ಇನ್ನೂ ಬಿಸಿಲಿತ್ತು. ಓಬಜ್ಜಿ ಇಳಿದು ನನ್ನ ಕಡೆಯ ಬಾಗಿಲಿಗೆ ಬಂದಳು.

“ಸಾಮಿ, ಬೆಂಗ್ಳೂರ್ನಾಗೆ ಆ ಮನೆ ಮುಂದೆ ನಾವು ಒಲೆ ಹೂಡಕ್ಕೆ ಜಾಗ ಐತಾ?”

ನನಗೆ ಆ ಮ್ಯೂಸಿಯಂ ಗೊತ್ತಿತ್ತು. ಸುತ್ತ ಹುಲ್ಲುಹಾಸು, ಅದರ ಮೇಲೆ ಕೂತರೆ ಸೀಟಿ ಊದುವ ಕಾವಲುಗಾರ. ಎದುರು ಬೀದಿಯಲ್ಲಿ ಬಾಗಿಲು ಕಾಯಲೆಂದೇ ಪೇಟ ಸುತ್ತಿಕೊಂಡ ಆಳನ್ನು ನಿಲ್ಲಿಸಿರುವ ಹೋಟೆಲು. ಸಂಜೆಯಾದರೆ ಗೇಟಿಗೆ ಬೀಗ. ಇಲ್ಲ ಅಜ್ಜಿ ಎಂದೆ. ಮಲಗಲು ಎಂದು ಕೇಳಿದಳು. ಕಾಂಪೌಂಡಿನ ಒಳಗೆ ಬಿಡುವುದಿಲ್ಲ, ಹೊರಗೆ ಮಲಗಿದರೆ ಪೊಲೀಸರು ಎಬ್ಬಿಸುತ್ತಾರೆ ಎಂದೆ. ಊರೂರಿಗೂ ಊಟ, ವಸತಿ ಹೇಳುವುದೇ ನನ್ನ ಕಸುಬಾಗಿಬಿಟ್ಟಿತ್ತು. ಈ ಮುದುಕಿಗೆ ಹೇಳಲು ನನ್ನ ಬಳಿ ಒಂದು ಜಗಲಿಯೂ ಇರಲಿಲ್ಲ.

“ನಮ್ಗಿಲ್ದಿದ್ರೆ ಬುಡು ನಾಯ್ನಾ. ಅವ್ನಿಗೆ ಅಲ್ಲಿ ಯಾರ್ ಎಡೆ ಇಕ್ತಾರೆ?”

“ಯಾರೂ ಇಲ್ಲ ಕಣಜ್ಜಿ” ಎಂದೆ.

ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು. ಆಮೇಲೆ ಮಗನ ಕಡೆ ತಿರುಗಿದಳು. “ಲೇ ತಿಮ್ಮಾ, ಉಣ್ಣಕ್ಕಿಲ್ಲ, ಮಲಗಕ್ಕಿಲ್ಲ, ಅಂಥ ಊರಿಗೆ ಹೆಂಗ್ ಬುಟ್ಟು ಬರಾದು ಅವ್ನ? ತಿರುಗ್ಸು ಗಾಡೀನ. ನಮ್ಮಟ್ಟಿಗೆ ಹೋಗಾಣ.”

ತಿಮ್ಮಣ್ಣ ಗಾಡಿ ತಿರುಗಿಸಲಿಲ್ಲ, ನನ್ನ ಮುಖ ನೋಡಿದ. ಬೀಗರೂ ಮೇಲಿನಿಂದ ಬಗ್ಗಿ ನೋಡಿದರು. ಕಲ್ಲು ಸರ್ಕಾರದ್ದು, ಜವಾಬ್ದಾರಿ ನನ್ನದು, ಕೆಲಸ ಖಾಯಂ ಇಲ್ಲ, ಮನೆಯಲ್ಲಿ ಹೆಂಡತಿಗೆ ಆರು ತಿಂಗಳು. ಚಿತ್ತಕ್ಕ ಬುಟ್ಟಿಯ ಮೇಲೆ ಕೈ ಮುಚ್ಚಿಕೊಂಡು ಕೂತಿದ್ದಳು. ಅವತ್ತೂ ನನ್ನನ್ನೇ ನೋಡುತ್ತಿದ್ದಳು ಪುಣ್ಯಾತ್ಗಿತ್ತಿ.

“ಮಧುಗಿರಿ ಮೇಲೆ ಹೋದರೆ ಬೇಗ ಆಗುತ್ತಾ?” ಎಂದು ನಾನು ತಿಮ್ಮಣ್ಣನನ್ನು ಕೇಳಿದೆ.

ಬೇಗ ಆಗುತ್ತದೆ ಎಂದ. ಲಾರಿ ತಿರುಗಿತು, ಹಿಂದೆ ಉರುಮೆ ಶುರುವಾಯಿತು.

ಹಟ್ಟಿ ಸೇರಿದಾಗ ಕತ್ತಲಾಗಿತ್ತು. ಅದೇ ಗುಂಡಿಯಲ್ಲಿ ಹಿರೀಕನನ್ನು ನಿಲ್ಲಿಸಿ, ಎಡೆಯನ್ನು ಮತ್ತೆ ಅವನ ಮುಂದಿಟ್ಟು, ಎಲ್ಲರೂ ಅವನ ಎದುರು ಕಂಬಳಿ ಹಾಸಿ ಮಲಗಿದರು. ಸರ್ಕಾರದ ಸೊತ್ತನ್ನು ಬಿಟ್ಟು ಕದಲಬಾರದು ಎಂಬ ನಿಯಮವಿದ್ದದ್ದರಿಂದ ನಾನೂ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ, ಇಲಾಖೆಯವರು ಕಲ್ಲಿನ ಎದೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಹೆಂಗಸರು ಬೂದಿ ಹಾಕಿ ಉಜ್ಜುತ್ತಿದ್ದರು. ಅದು ಹೋಗಲಿಲ್ಲ. ಹೋಗದಿದ್ದರೆ ಇರಲಿ, ಪಟ್ಟಣಕ್ಕೆ ಹೋಗಿಬಂದ ಗುರುತು ಎಂದು ಓಬಜ್ಜಿ ಅದಕ್ಕೂ ಅರಿಶಿನ ಹಚ್ಚಿದಳು.

ಆಮೇಲೆ ಎಲೆಯನ್ನು ಹೆಣ್ಣು ಗಂಡಿನ ಮುಂದಿಟ್ಟರು. ಗಂಡು ನಾಚಿಕೊಂಡು ಕೂತಿದ್ದ. ಹಿಂದಿನ ದಿನದಿಂದ ಉಪವಾಸ ಇದ್ದ ಚಿತ್ತಕ್ಕ ಯಾರಿಗೂ ಕಾಯದೆ ತಣ್ಣನೆಯ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. ಬೀಗರು ನಕ್ಕರು. ಓಬಜ್ಜಿ ಮೊಮ್ಮಗಳ ಬೆನ್ನು ಸವರುತ್ತ ಗೊಳೋ ಎಂದು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಹೊರಡುವಾಗ ಮುದುಕಿ, ಕೆಲಸ ಹೋದರೆ ಇಲ್ಲಿಗೇ ಬಂದುಬಿಡು, ನಿನಗೂ ನಿನ್ನ ಹೆಂಡತಿಗೂ ಮುದ್ದೆಗೆ ತೊಂದರೆಯಿಲ್ಲ ಎಂದು ಹೇಳಿ ಬಸ್ಸಿಗೆ ಹತ್ತಿಸಿದಳು.

ಕೆಲಸ ಹೋಗಲಿಲ್ಲ. ವಾರ ಬಿಟ್ಟು ಸಾಹೇಬರು ಬಂದರು. ನಾನು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದರೆ ಅವರು ಕೈ ಅಡ್ಡ ಹಿಡಿದರು. ಕಲ್ಲಿನ ಸುದ್ದಿಯೇ ಬೇಡ, ಅವತ್ತು ನಾನು ಬದುಕಿದ್ದೇ ಹೆಚ್ಚು, ಆ ಜನಕ್ಕೆಲ್ಲ ದಾರಿಯಲ್ಲಿ ಊಟ, ವಸತಿ ಸರಿಯಾಗಿತ್ತೋ ಇಲ್ಲವೋ ಅಷ್ಟು ಹೇಳು ಎಂದರು. ಬಹಳ ಚೆನ್ನಾಗಿತ್ತು ಸಾರ್ ಎಂದೆ. ನಿರ್ದೇಶಕರು ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ಅವರಿಗೆ ಬೇರೆ ಇಲಾಖೆಗೆ ವರ್ಗವಾಗಿತ್ತು. ಬೆಂಗಳೂರಿನವರು ಕಲ್ಲು ಶಿರಾದಲ್ಲಿದೆ ಎಂದುಕೊಂಡರು, ಶಿರಾಕ್ಕೆ ಬಂದವರು ಬೆಂಗಳೂರಿನಲ್ಲಿದೆ ಎಂದುಕೊಂಡರು. ನಾನು ನಿವೃತ್ತನಾಗುವವರೆಗೆ ಯಾರೂ ಕೇಳಲಿಲ್ಲ.

ಈಗ ನಿಮ್ಮಂಥ ಹೊಸಬರು ಬರುತ್ತೀರಿ, ಹುರುಪಿನವರು, ಓದಿದವರು. ನಿಮ್ಮಲ್ಲಿ ಯಾರಾದರೂ ಒಂದು ದಿನ ಕಲ್ಲುಗಳನ್ನು ಎಣಿಸಿ, ಒಂದು ಕಡಿಮೆ ಇದೆ ಎಂದು ಹಿಡಿದೇ ಹಿಡಿಯುತ್ತೀರಿ. ಹಿಡಿದ ಮೇಲೆ ಪಾವಗಡದ ದಾರಿ ಹುಡುಕಿಕೊಂಡು ಹೋಗಲೂಬಹುದು. ಹೋಗುವುದಾದರೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಚಿತ್ತಕ್ಕ ಉಣ್ಣಿಸದೆ ಕಳಿಸುವವಳಲ್ಲ. ಕೂತು ಉಣ್ಣುವಾಗ ಎದುರಿಗೊಂದು ಕಲ್ಲು ಕಾಣುತ್ತದೆ, ಅರಿಶಿನದ ಅಡಿಯಲ್ಲಿ ನಂಬರೂ ಕಾಣಬಹುದು. ಊಟ ಮುಗಿಸಿ, ಕೈ ತೊಳೆದು, ಕಕ್ಕಸು ಎಲ್ಲಿ ಎಂದು ಬೇಕಾದರೆ ಕೇಳಿ. ಆ ಕಲ್ಲು ಏನು ಎಂದು ಮಾತ್ರ ಕೇಳಬೇಡಿ.